ಗಾಡಿಕೊಟ್ಟಿಗೆಯಲ್ಲೊಂದು ಹುಳುಮನೆ

ಕೋಲಾರದ ಸೀಮೆಯಲ್ಲಿ ಹಳೆಯ ಕಾಲದ ಒಕ್ಕಲು ಮನೆಗಳನ್ನು ಕಂಡವರಿಗೆ, ಮನೆಯ ಮಗ್ಗುಲಲ್ಲಿ ಗಾಡಿಕೊಟ್ಟಿಗೆಯೊಂದು ಇರುತ್ತಿದ್ದುದು ನೆನಪಿರಬಹುದು. ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಮೇಲೆ ಹೆಂಚು ಅಥವಾ ಕಲ್ಲುಚಪ್ಪಡಿ. ಒಳಗೆ ಮೂಕಿಯನ್ನು ನೆಲಕ್ಕೆ ಊರಿ ನಿಂತ ಎತ್ತಿನ ಗಾಡಿ. ಗಾಡಿಗಳ ಕಾಲ ಬಹುಮಟ್ಟಿಗೆ ಮುಗಿಯಿತು, ಕೊಟ್ಟಿಗೆಗಳು ಉಳಿದುವು. ಕೆಲವರು ಅಲ್ಲಿ ಟ್ರಾಕ್ಟರು ನಿಲ್ಲಿಸಿದರು, ಕೆಲವರು ಸೌದೆ ಒಟ್ಟಿದರು, ಮತ್ತೆ ಕೆಲವರು ಬಯಲಾಗಿದ್ದ ಕಡೆಗೆ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ರೇಷ್ಮೆಯ ಹುಳು ಸಾಕುವ ಬೆಚ್ಚನೆಯ ಮನೆಯನ್ನಾಗಿ ಮಾಡಿಕೊಂಡರು. ಮುಳುಬಾಗಿಲು ತಾಲ್ಲೂಕಿನಲ್ಲಿರುವ ನಮ್ಮ ತಮ್ಮನ ಮಗನ ಮನೆಯಲ್ಲಿ ನಡೆದದ್ದು ಈ ಮೂರನೆಯ ಕೆಲಸ.

ಆ ಕೊಟ್ಟಿಗೆಯನ್ನು ಮಾರ್ಪಡಿಸುವಾಗ ದಿಕ್ಕು, ಅಳತೆ, ಉಷ್ಣಮಾಪಕ ಮೊದಲಾದ ವಿಷಯಗಳಲ್ಲಿ ಸಲಹೆ ಕೊಟ್ಟವರು ನಾವು. ಸಲಹೆಗಳಲ್ಲಿ ಬಹುಭಾಗ ಸರಿಯಾಗಿಯೇ ಇದ್ದುವು. ಒಂದು ಮಾತ್ರ ತಪ್ಪಾಗಿತ್ತು. ಆ ಒಂದರಿಂದ ಮನೆಯ ಸೊಸೆಯ ಪ್ರಾಣಕ್ಕೆ ಕುತ್ತು ಬಂದು, ದೈವವಶದಿಂದ ತಪ್ಪಿತು. ಮನೆಯ ಮಗ್ಗುಲಲ್ಲಿ ಕಾವಿನ ಕೋಣೆ ಕಟ್ಟಿಕೊಳ್ಳಬೇಕೆಂದಿರುವ ಗೃಹಸ್ಥರಿಗೆ ನಮ್ಮ ಸರಿಯೂ ತಪ್ಪೂ ಎರಡೂ ಉಪಯೋಗಕ್ಕೆ ಬರಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹುಳುವಿಗೆ ಕಾವು ಏಕೆ?

ಸಂಸ್ಕೃತದಲ್ಲಿ ರೇಷ್ಮೆಯ ಹುಳುವಿಗೆ ಕೋಶಕಾರವೆಂದು ಹೆಸರು. ಕೋಶವೆಂದರೆ ಗೂಡು, ಕೋಶದಿಂದ ಆದದ್ದು ಕೌಶೇಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೌಶೇಯದ ಹೆಸರೂ ಚೀನದೇಶದ ಪಟ್ಟೆಯ ಹೆಸರೂ ಬರುತ್ತವೆ. ಹೆಸರು ಹೀಗೆ ಪುರಾತನವಾದರೂ, ನಮ್ಮ ಮೈಸೂರು ಸೀಮೆಯಲ್ಲಿ ಈ ಕಸುಬು ಬೇರೂರಿದ್ದು 18ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಅಲ್ಲಿಂದ ಮುಂದೆ ಬಹುಕಾಲ ನಮ್ಮವರು ಸಾಕಿದ್ದು ಮೈಸೂರು ತಳಿಯ ಹುಳುವನ್ನು. ಅದು ಗಟ್ಟಿ ಜೀವ. ಪಡಸಾಲೆಯಲ್ಲೋ ನಡುಮನೆಯಲ್ಲೋ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಅಡಿಗೆಮನೆಯ ಬಿಸಿಯಲ್ಲಿಯೇ ಬೆಳೆಸುತ್ತಿದ್ದರು. ಮನೆಯವರು ಮಲಗುವ ಕಡೆಯೇ ಹುಳುವೂ ಇರುತ್ತಿತ್ತು; ಹುಳು ಮೇಯುವ ಸದ್ದು ಸಣ್ಣ ಮಳೆಯ ಸದ್ದಿನಂತೆ ರಾತ್ರಿಯೆಲ್ಲ ಕೇಳುತ್ತಿತ್ತು.

ಈಗ ಹೆಚ್ಚಾಗಿ ಸಾಕುವುದು ಮಿಶ್ರತಳಿಗಳನ್ನೂ ದ್ವಿತಳಿ ಸಂಕರಗಳನ್ನೂ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ಜಪಾನಿನ ಸಹಾಯದಿಂದ 1990ರ ದಶಕದಲ್ಲಿ ಸಿದ್ಧಪಡಿಸಿದ ದ್ವಿತಳಿಗಳಿಂದ, ಒಂದು ಗೂಡಿಗೆ ಸಾವಿರ ಮೀಟರಿನಷ್ಟು ನೂಲು ಬಿಚ್ಚುವುದುಂಟು. ಹಳೆಯ ಮೈಸೂರು ತಳಿಯಲ್ಲಿ ಅದರ ಮೂರರಲ್ಲೊಂದು ಪಾಲು ಬಂದರೆ ಹೆಚ್ಚು. ಆದರೆ ಈ ಹೊಸ ಹುಳು ಸುಕುಮಾರವಾದದ್ದು. ನಡುಮನೆಯ ಬಿಸಿ ಅದಕ್ಕೆ ಸಾಲದು. ಮನೆಯವರ ಒಗ್ಗರಣೆಯ ಘಾಟೂ ಬೀಡಿಯ ಹೊಗೆಯೂ ಅದಕ್ಕೆ ಆಗದು. ಆದುದರಿಂದಲೇ ಹುಳುವಿಗೆ ಪ್ರತ್ಯೇಕವಾದ ಮನೆ ಅವಶ್ಯಕವಾಯಿತು.

ಹುಳುವಿನ ಮೈಗೆ ತನ್ನದೆಂಬ ಕಾವಿಲ್ಲ. ಸುತ್ತಲಿನ ಗಾಳಿ ಎಷ್ಟು ಬೆಚ್ಚಗಿದೆಯೋ ಅಷ್ಟೇ ಅದರ ಹಸಿವು. ಮೊಟ್ಟೆಯೊಡೆದು ಬಂದಂದಿನಿಂದ ಹಣ್ಣಾಗುವವರೆಗೆ ಇಪ್ಪತ್ತಮೂರರಿಂದ ಇಪ್ಪತ್ತೇಳು ದಿನ. ಈ ಅವಧಿಯಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಇದಕ್ಕೆ ನಮ್ಮ ಕಡೆ ‘ಜ್ವರ’ ಎನ್ನುತ್ತಾರೆ. ಜ್ವರಗಳ ನಡುವಣ ಹಂತಗಳು ಐದು. ಮೊದಲನೆಯ ಹಂತಕ್ಕೆ 28 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಎರಡನೆಯದಕ್ಕೆ 27, ಮೂರನೆಯದಕ್ಕೆ 26, ನಾಲ್ಕನೆಯದಕ್ಕೆ 25, ಐದನೆಯದಕ್ಕೆ 24. ಗಾಳಿಯ ತೇವವೂ ಹೀಗೆಯೇ ಇಳಿಯಬೇಕು: ಮೊದಲು ನೂರಕ್ಕೆ 85ರಿಂದ 90, ಕಡೆಗೆ 65ರಿಂದ 70. ಅಂದರೆ ಎಳೆಯ ಹುಳುವಿಗೆ ಬಾಣಂತಿಕೋಣೆಯ ಬೆಚ್ಚನೆ. ಬೆಳೆದ ಹುಳುವಿಗೆ ಜಗಲಿಯ ಗಾಳಿ. ಈ ಎರಡನ್ನೂ ಒಂದೇ ಮನೆ ಒದಗಿಸಬೇಕು. ಕಟ್ಟುವವನಿಗೆ ಇರುವ ಕಷ್ಟವೆಲ್ಲ ಇಷ್ಟರಲ್ಲಿಯೇ ಇದೆ.

ನಮ್ಮ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು ಎಂಟುನೂರು ಮೀಟರು ಎತ್ತರದಲ್ಲಿದೆ. ಮಾರ್ಗಶಿರ ಪುಷ್ಯಗಳ ರಾತ್ರಿಗಳಲ್ಲಿ ಚಳಿ 15 ಡಿಗ್ರಿಗಿಂತ ಕೆಳಕ್ಕೂ ಇಳಿಯುವುದುಂಟು. ಹೊರಗೆ 15, ಒಳಗೆ 28 ಎಂದಾಗ ಬೆಂಕಿಯಿಲ್ಲದೆ ನಡೆಯುವುದಿಲ್ಲ. ಚೈತ್ರ ವೈಶಾಖಗಳಲ್ಲಿಯಾದರೋ ತೊಂದರೆ ತಿರುಗುಮುರುಗು. ಆಗ ತಂಪು ಮಾಡುವುದೇ ಕೆಲಸವಾಗುತ್ತದೆ.

ಗೋಡೆ, ಮಾಡು, ಕಿಟಕಿ

ನಮ್ಮ ಹುಡುಗನ ಕೊಟ್ಟಿಗೆಯು ಇಪ್ಪತ್ತನಾಲ್ಕು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಅದೃಷ್ಟವಶಾತ್ ಅದರ ಉದ್ದವು ಪೂರ್ವಪಶ್ಚಿಮವಾಗಿತ್ತು. ಹುಳುಮನೆಗೆ ಇದೇ ಸರಿಯಾದ ದಿಕ್ಕು. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಚಿಕ್ಕ ಗೋಡೆಗಳಿಗೆ ಮಾತ್ರ ತಾಗುತ್ತವೆ, ಉದ್ದನೆಯ ಗೋಡೆಗಳ ಕಿಟಕಿಗಳಿಂದ ಉತ್ತರ ದಕ್ಷಿಣವಾಗಿ ಗಾಳಿಯಾಡುತ್ತದೆ. ಹೊಸದಾಗಿ ಕಟ್ಟುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಗೋಡೆ ಎದ್ದಮೇಲೆ ದಿಕ್ಕು ತಿರುಗುವುದಿಲ್ಲ.

ಸಾಮಾನಿನ ವಿಷಯದಲ್ಲಿ ನಮ್ಮ ಸೀಮೆ ಪುಣ್ಯವಂತ ಸೀಮೆ. ಬೇರೆಯವರು ಹಣ ಕೊಟ್ಟು ದೂರದಿಂದ ತರಿಸುವ ಕಲ್ಲುಚಪ್ಪಡಿ ನಮಗೆ ಊರ ಮುಂದಿನ ಬಂಡೆಯಲ್ಲೇ ದೊರೆಯುತ್ತದೆ. ಹೆಂಚು ಇಟ್ಟಿಗೆಗಳಿಗೆ ಮಾಲೂರೇ ಹೆಸರಾದ ಊರು. ಆದರೆ ಎಲ್ಲಿ ಕಲ್ಲು, ಎಲ್ಲಿ ಹೆಂಚು ಎಂಬುದರಲ್ಲಿ ವಿವೇಕ ಬೇಕು. ಚಪ್ಪಡಿಯು ಬಿಸಿಲನ್ನು ಹಗಲೆಲ್ಲ ಕುಡಿದು ರಾತ್ರಿ ಕಾರುತ್ತದೆ. ಚಳಿಗಾಲದಲ್ಲಿ ಒಮ್ಮೆ ತಣ್ಣಗಾಯಿತೆಂದರೆ ಬೇಗ ಬೆಚ್ಚಗಾಗದು. ಆದುದರಿಂದ ಕಲ್ಲು ನೆಲಕ್ಕೂ ತಳಪಾಯಕ್ಕೂ ಒಳ್ಳೆಯದು. ಮೇಲಕ್ಕೆ ಮಾಲೂರಿನ ಹೆಂಚೇ ಉತ್ತಮ. ಬರಿಯ ತಗಡಿನ ಮಾಡು ಅಗ್ಗವೆನ್ನುವುದೇನೋ ನಿಜ. ಆದರೆ ಬೇಸಗೆಯಲ್ಲಿ ಅದು ಬಾಣಲೆಯಾಗುತ್ತದೆ, ಚಳಿಯಲ್ಲಿ ಕಾವನ್ನು ನಿಲ್ಲಿಸದು. ತಗಡನ್ನೇ ಹಾಕಬೇಕಾದರೆ ಮೇಲೆ ತೆಂಗಿನ ಗರಿಯ ಹೊದಿಕೆಯೂ ಒಳಗೆ ಚಾಪೆಯ ಚಾವಣಿಯೂ ಇರತಕ್ಕದ್ದು. ಗೋಡೆಯ ಎತ್ತರ ಹತ್ತಡಿಗೆ ಕಡಮೆಯಾಗಬಾರದು.

ಕಿಟಕಿಗಳು ಉದ್ದನೆಯ ಗೋಡೆಗಳಲ್ಲಿ ಎದುರುಬದುರಾಗಿರಬೇಕು. ಇವಲ್ಲದೆ ಗೋಡೆಯ ಬುಡದಲ್ಲಿ ಗೇಣುದ್ದದ ಗವಾಕ್ಷಿಗಳೂ, ಮಾಡಿನ ಕೆಳಗೆ ಅಷ್ಟೇ ಗವಾಕ್ಷಿಗಳೂ ಬೇಕು. ಬಿಸಿಯಾದ ಕೆಟ್ಟ ಗಾಳಿ ಮೇಲಿನಿಂದ ಹೋಗುತ್ತದೆ. ಹೊಸ ಗಾಳಿ ಕೆಳಗಿನಿಂದ ಬರುತ್ತದೆ. ಕೆಳಗಿನದಿಲ್ಲದೆ ಮೇಲಿನದು, ಮೇಲಿನದಿಲ್ಲದೆ ಕೆಳಗಿನದು ನಿಷ್ಪ್ರಯೋಜಕ. ಒಂದೊಂದಕ್ಕೂ ಒಳಗಡೆಯಿಂದ ಸರಿಸುವ ಹಲಗೆಯನ್ನು ಇಟ್ಟರೆ ಬೇಕಾದಷ್ಟು ತೆರೆದು ಮುಚ್ಚಬಹುದು.

ಎಲ್ಲ ರಂಧ್ರಗಳಿಗೂ ನೊಣ ನುಗ್ಗದಂಥ ಸಣ್ಣ ಕಣ್ಣಿನ ಬಲೆ ಹೊಡೆಯತಕ್ಕದ್ದು. ಇದು ನಮ್ಮ ಹಿರಿಯರಿಗೆ ಇಲ್ಲದಿದ್ದ ಚಿಂತೆ. ಊಜಿ ನೊಣವು ಕರ್ಣಾಟಕಕ್ಕೆ ಬಂದದ್ದು 1980ರಲ್ಲಿ. ಅದು ಬೆಳೆದ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕ ಕಡೆ ಕಪ್ಪು ಚುಕ್ಕೆ ಬೀಳುತ್ತದೆ. ಆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ, ಇಲ್ಲವೆ ಕಟ್ಟಿದ ಗೂಡು ತೂತಾಗುತ್ತದೆ. ಬಲೆಯ ಜೊತೆಗೆ, ಬಾಗಿಲ ಮುಂದೆ ನಾಲ್ಕಡಿಯ ಒಂದು ಚಿಕ್ಕ ಮೊಗಸಾಲೆಯೂ ಅದಕ್ಕೆ ಎರಡನೆಯ ಬಾಗಿಲೂ ಇದ್ದರೆ, ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬಹುದು. ಕಾಲು ತೊಳೆಯುವ ನೀರನ್ನೂ ಅಲ್ಲಿಯೇ ಇಡಬಹುದು.

ನಗುವ ಅಗ್ಗಿಷ್ಟಿಕೆ

ಇನ್ನು ಬೆಂಕಿಯ ವಿಚಾರ. ಚಳಿಗಾಲದಲ್ಲಿ ಹುಳುಮನೆಯೊಳಗೆ ಇಜ್ಜಲಿನ ಅಗ್ಗಿಷ್ಟಿಕೆಯಿಡುವುದು ಹಳೆಯ ರೂಢಿ. ಅಮರಕೋಶದಲ್ಲಿ ಅಗ್ಗಿಷ್ಟಿಕೆಗೆ ಅಂಗಾರಶಕಟೀ ಎಂದೂ ಹಸಂತೀ ಎಂದೂ ಹೆಸರುಗಳಿವೆ. ಅಂಗಾರಶಕಟಿಯೆಂದರೆ ಕೆಂಡದ ಗಾಡಿ, ಹಸಂತಿಯೆಂದರೆ ನಗುವವಳು. ಗಾಡಿ ಹೋದ ಕೊಟ್ಟಿಗೆಗೆ ಕೆಂಡದ ಗಾಡಿ ಬಂದಿತೆಂದು ನಾವು ಅಂದು ಹಾಸ್ಯ ಮಾಡಿದ್ದೆವು. ನಗುವವಳ ನಗು ಎಂಥದೆಂದು ಆಗ ತಿಳಿದಿರಲಿಲ್ಲ.

ಅದು ಪುಷ್ಯಮಾಸ. ಆ ಸಲ ಮೊಟ್ಟೆಯ ಹಾಳೆಗಳನ್ನೇ ತಂದು ಮನೆಯಲ್ಲಿಯೇ ಚಾಕಿ ಮಾಡಿದ್ದರು. ಹುಳು ಎರಡನೆಯ ಜ್ವರಕ್ಕೆ ಹತ್ತಿರವಾಗಿತ್ತು. ನಾವು ಎರಡು ದಿನದ ಮಟ್ಟಿಗೆ ಹೋಗಿದ್ದೆವು. ಸಂಜೆ ಉಷ್ಣಮಾಪಕವನ್ನು ನೋಡಿದರೆ 23 ಡಿಗ್ರಿ. 27 ಇರಬೇಕಲ್ಲವೇ? ಪುಸ್ತಕದ ವಿದ್ಯೆ ನಮ್ಮ ತಲೆಯಲ್ಲಿ ತುಂಬಿತ್ತು. “ಕಾವೆಲ್ಲ ಗವಾಕ್ಷಿಯಲ್ಲಿ ಹೋಗುತ್ತಿದೆ, ಗೋಣಿಚೀಲ ತುರುಕಿ ಮುಚ್ಚಿಸು, ಇನ್ನೊಂದು ಅಗ್ಗಿಷ್ಟಿಕೆ ಇಡಿಸು” ಎಂದು ಹುಡುಗನಿಗೆ ಹೇಳಿದೆವು. ಅವನು ಹಾಗೆಯೇ ಮಾಡಿದನು. ಒಂದು ಗಂಟೆಯಲ್ಲಿ ಪಾದರಸವು 27ಕ್ಕೆ ಏರಿತು. ನಾವು ಸಂತೋಷದಿಂದ ಊಟಕ್ಕೆದ್ದೆವು.

ರಾತ್ರಿ ಹತ್ತು ಗಂಟೆಗೆ ಸೊಪ್ಪು ಕೊಡಲು ಹೋದವಳು ಸೊಸೆ. ಕೊಟ್ಟು ಮುಗಿಯುವಷ್ಟರಲ್ಲಿ ಅವಳಿಗೆ ತಲೆನೋವು ಬಂದಿತು. ಹಗಲೆಲ್ಲ ದುಡಿದ ಆಯಾಸವೆಂದುಕೊಂಡು ಗೋಡೆಗೊರಗಿ ಕುಳಿತಳು. ಮನೆಯಲ್ಲಿ ಮಗು ಎಚ್ಚತ್ತು ಅಳತೊಡಗಿತು. ಅತ್ತೆಯು ಬಾಗಿಲವರೆಗೆ ಹೋಗಿ ಕೂಗಿದರು, ಉತ್ತರವಿಲ್ಲ. ಬಾಗಿಲು ನೂಕಿ ನೋಡಿದರೆ ಅವಳು ಒಂದು ಮಗ್ಗುಲಿಗೆ ಬಿದ್ದಿದ್ದಳು. ಅಂಗಳಕ್ಕೆ ಎತ್ತಿ ತಂದಾಗ ಉಸಿರಿತ್ತು, ಪ್ರಜ್ಞೆಯಿರಲಿಲ್ಲ. ಆ ಸರಿಹೊತ್ತಿನಲ್ಲಿಯೇ ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಆಮ್ಲಜನಕ ಕೊಟ್ಟಮೇಲೆ ಬೆಳಗಿನ ಜಾವಕ್ಕೆ ಕಣ್ಣು ಬಿಟ್ಟಳು. ಮೂರನೆಯ ದಿನ ಮನೆಗೆ ಬಂದಳು.

“ಹೊಗೆ ಇರಲಿಲ್ಲವಲ್ಲಾ ಡಾಕ್ಟರೆ, ನಿಗಿನಿಗಿ ಕೆಂಡ” ಎಂದು ಹುಡುಗನು ಹೇಳಿದಾಗ ವೈದ್ಯರು, “ಹೊಗೆಯಾದರೆ ಕೆಮ್ಮು ಬಂದು ಮನುಷ್ಯ ಎದ್ದು ಓಡುತ್ತಾನೆ. ಇದು ಕಾಣುವುದೂ ಇಲ್ಲ, ವಾಸನೆಯೂ ಇಲ್ಲ” ಎಂದರಂತೆ. ಗಾಳಿ ಸಾಲದ ಕಡೆ ಇಜ್ಜಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ವಸ್ತುವಿಗೆ ಈ ಅನಿಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ತೂಕಡಿಕೆ: ಇವೇ ಗುರುತುಗಳು. ನಿದ್ರೆಯಲ್ಲಿದ್ದವನಿಗೆ ಗುರುತೂ ತಿಳಿಯುವುದಿಲ್ಲ.

ನಾವು ಅವಳ ಮುಂದೆ ತಲೆ ತಗ್ಗಿಸಿ, ತಪ್ಪು ನಮ್ಮದೆಂದೆವು. ಅವಳು, “ತಲೆ ನೋಯ್ತಿದ್ದಂಗೇ ಗೋಣಿ ಕಿತ್ತುಹಾಕಬೇಕು ಅನ್ನಿಸ್ತು ದೊಡ್ಡಮಾವ. ಓದಿದೋರು ನೀವು ಹೇಳಿದ್ದು, ನಾನು ತೆಗೆದರೆ ಹೆಂಗೆ ಅಂತ ಸುಮ್ಮನಾದೆ” ಎಂದಳು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಇಂಥ ಪಾಠವನ್ನು ಯಾರೂ ಕಲಿಸಿರಲಿಲ್ಲ. ದಿನಕ್ಕೆ ನಾಲ್ಕು ಸಲ ಆ ಕೋಣೆಯೊಳಗೆ ಹೋಗಿ ಬರುವವಳು ಅವಳು. ಅಲ್ಲಿಯ ಗಾಳಿ ಹೇಗಿದೆಯೆಂದು ಅವಳ ತಲೆ ಹೇಳಿತು. ನಾವು ಅಂಗೈಯಲ್ಲಿದ್ದ ಗಾಜಿನ ಕೊಳವೆಯನ್ನು ಮಾತ್ರ ನೋಡಿದೆವು.

ಹುಳುಗಳು ಆ ರಾತ್ರಿ ಸಾಯಲಿಲ್ಲ. ಆದರೆ ಮುಚ್ಚಿದ ಕೋಣೆಯ ಮುಗ್ಗು ಗಾಳಿಯಲ್ಲಿ ಹಾಸಿಗೆ ಬೆವತು, ಮುಂದಿನ ದಿನಗಳಲ್ಲಿ ಸಪ್ಪೆರೋಗ ಕಾಣಿಸಿಕೊಂಡಿತು. ಬೆಳೆಯಲ್ಲಿ ಅರ್ಧವೂ ಕೈಗೆ ಬರಲಿಲ್ಲ. ಗಾಳಿ ಕೆಟ್ಟರೆ ಸಾಕುವವರಿಗೂ ಕೇಡು, ಹುಳುವಿಗೂ ಕೇಡು.

ಜಪಾನಿನವರ ವ್ಯಾಜ್ಯ

ಕಾವಿಗೂ ಗಾಳಿಗೂ ನಡೆಯುವ ಈ ವ್ಯಾಜ್ಯ ನಮ್ಮೊಬ್ಬರ ಮನೆಯದಲ್ಲವೆಂದು ಆಮೇಲೆ ಓದಿ ತಿಳಿದೆವು. ಜಪಾನಿನ ಗುನ್ಮಾ ಪ್ರಾಂತದಲ್ಲಿ ತಾಜಿಮಾ ಯಾಹೇ ಎಂಬ ಒಕ್ಕಲಿಗನು 1863ರಲ್ಲಿ ಒಂದು ಮನೆ ಕಟ್ಟಿಸಿದನು. ಮಾಡಿನ ನೆತ್ತಿಯಲ್ಲಿ ಗಾಳಿಗಂಡಿಯಿರುವ ಎರಡಂತಸ್ತಿನ ಮನೆ. ಹುಳುವಿಗೆ ಗಾಳಿಯಾಟವೇ ಮುಖ್ಯವೆಂಬುದು ಅವನ ಮತ. ಅದಕ್ಕೆ ಎದುರಾಗಿ, ಚಳಿಯ ಪ್ರದೇಶಗಳವರು ಕೋಣೆಯನ್ನು ಮುಚ್ಚಿ ಕೆಂಡವಿಟ್ಟು ಬೇಗ ಬೆಳೆಸುತ್ತಿದ್ದರು. ಅದೇ ಪ್ರಾಂತದ ತಕಾಯಾಮಾ ಚೋಗೊರೋ ಎಂಬಾತನು ಎರಡು ಮತಗಳನ್ನೂ ಕೂಡಿಸಿ, ಹವೆಯನ್ನು ನೋಡಿಕೊಂಡು ಕಾವನ್ನೂ ಗಾಳಿಯನ್ನೂ ಜೊತೆಜೊತೆಯಾಗಿ ಕೊಡುವ ಕ್ರಮವನ್ನು ಸಿದ್ಧಪಡಿಸಿ, 1884ರಲ್ಲಿ ಅದನ್ನು ಕಲಿಸುವ ಸಂಘವನ್ನೂ ಸ್ಥಾಪಿಸಿದನು. ಆ ಎರಡು ಸ್ಥಳಗಳೂ 2014ರಲ್ಲಿ ತೊಮಿಯೋಕಾದ ರೇಷ್ಮೆ ಕಾರ್ಖಾನೆಯ ಜೊತೆಯಲ್ಲಿ ಪ್ರಪಂಚದ ಪಾರಂಪರಿಕ ಸ್ಥಳಗಳ ಪಟ್ಟಿಗೆ ಸೇರಿದುವು. ಹುಳು ಸಾಕುವ ಮನೆಯೊಂದಕ್ಕೆ ಇಷ್ಟು ದೊಡ್ಡ ಗೌರವ ಸಂದದ್ದು ಸುಮ್ಮನೆ ಅಲ್ಲ.

19ನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ತಾತಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ಫಾರಂ ಸ್ಥಾಪಿಸಿದಾಗ ಜಪಾನಿನ ಕ್ರಮವನ್ನೇ ತರಿಸಿದ್ದರು. ಆ ಪಾಠವು ನಮ್ಮ ನಾಡಿಗೆ ಬಂದು ನೂರು ವರ್ಷ ದಾಟಿತು. ಆದರೂ ಪಾಠ ಊರಿಗೆ ಬಂದಷ್ಟು ಬೇಗ ಮನೆಗೆ ಬರುವುದಿಲ್ಲ.

ಬೆಂಕಿ ಹೊರಗೆ, ಬಿಸಿ ಒಳಗೆ

ಕೊಟ್ಟಿಗೆಯನ್ನು ಎರಡನೆಯ ಸಲ ಸರಿಪಡಿಸುವಾಗ ನಾವು ಮೊದಲು ಕೇಳಿದ್ದು ಸೊಸೆಯ ಮಾತನ್ನು. “ನಮ್ಮ ಬಚ್ಚಲ ಹಂಡೆಗೆ ಹೊರಗಡೆಯಿಂದ ಉರಿ ಹಾಕ್ತೀವಲ್ಲ, ಹಂಗೇ ಇಲ್ಲೂ ಮಾಡಬಾರದಾ?” ಎಂದಳು. ಅದೇ ಸರಿಯಾದ ಮಾತು. ಹುಣಸೂರು ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಲ್ಲಿಯೂ ಒಲೆ ಹೊರಗೆ, ಬಿಸಿಯ ಕೊಳವೆ ಒಳಗೆ. ಹೊಗೆಸೊಪ್ಪು ರೇಷ್ಮೆಯ ಹುಳುವಿಗೆ ವಿಷ. ಆದರೂ ಅದರ ಮನೆಯಿಂದ ಒಲೆಯ ವಿದ್ಯೆಯನ್ನು ಕಲಿಯಲು ಅಡ್ಡಿಯಿಲ್ಲ.

ಹೀಗೆ ಪಡುವಲ ಗೋಡೆಯ ಹೊರಗೆ ಇಟ್ಟಿಗೆಯ ಒಲೆ ಕಟ್ಟಿಸಿತು. ಅದರಿಂದ ಹೊರಟ ಕಬ್ಬಿಣದ ಕೊಳವೆಯು ಒಳಗೆ ಉತ್ತರದ ಗೋಡೆಯ ಬುಡದಲ್ಲಿ ಸಾಗಿ, ಮೂಡಲ ಮೂಲೆಯಲ್ಲಿ ಮೇಲೆದ್ದು, ಮಾಡಿನ ನೆತ್ತಿಗಿಂತ ಮೂರಡಿ ಎತ್ತರದಲ್ಲಿ ಹೊಗೆಯನ್ನು ಬಿಡುತ್ತದೆ. ಉರಿ ಹಾಕುವವರು ಒಳಗೆ ಬರಬೇಕಾಗಿಲ್ಲ. ಹೊಗೆಯೂ ವಿಷಾನಿಲವೂ ಒಳಗೆ ಇಳಿಯುವುದಿಲ್ಲ. ಕೊಳವೆಯ ಸಂದುಗಳನ್ನು ಬೆಳೆ ಬೆಳೆಗೂ ಪರೀಕ್ಷಿಸಿ ಜೇಡಿಮಣ್ಣು ಮೆತ್ತತಕ್ಕದ್ದು. ಸಂದು ಬಿಟ್ಟ ಕೊಳವೆಯೂ ಅಗ್ಗಿಷ್ಟಿಕೆಯೂ ಒಂದೇ. ಕೊಳವೆಯಿಂದ ಎರಡಡಿಯೊಳಗೆ ಗೋಣಿ, ಕಾಗದ, ಒಣ ಸೊಪ್ಪು ಇರಕೂಡದು.

ವಿದ್ಯುಚ್ಛಕ್ತಿ ಸರಿಯಾಗಿ ದೊರೆಯುವ ಕಡೆ, ಬೇಕಾದ ಡಿಗ್ರಿಗೆ ತಾನೇ ನಿಂತು ತಾನೇ ಹೊತ್ತಿಕೊಳ್ಳುವ ಹೀಟರು ಇನ್ನೂ ಸುಲಭ. ಅದಕ್ಕೆ ಪ್ರತ್ಯೇಕವಾದ ದಪ್ಪ ತಂತಿಯನ್ನೂ ಭೂಸಂಪರ್ಕವನ್ನೂ ಕೆಲಸ ಬಲ್ಲವನಿಂದ ಹಾಕಿಸಬೇಕು. ತೇವದ ಕೋಣೆಯಲ್ಲಿ ಹಳೆಯ ತಂತಿ ಪ್ರಾಣಾಂತಿಕ. ನಡುರಾತ್ರಿ ಕರೆಂಟು ಹೋದರೆ ಒಲೆ ಇದ್ದೇ ಇರುತ್ತದೆ. ಒಳಗೆ ಕೆಂಡವನ್ನಿಡಲೇಬೇಕಾದ ನಿರ್ಬಂಧ ಬಂದರೆ ಕೆಳಗಿನ ಮೇಲಿನ ಗವಾಕ್ಷಿಗಳನ್ನು ತೆರೆದಿಟ್ಟೇ ಇಡಬೇಕು. ಯಾರೂ ಒಳಗೆ ಮಲಗಕೂಡದು, ಕೂರಲೂ ಕೂಡದು. ಒಬ್ಬರು ಒಳಗಿದ್ದಾಗ ಹೊರಗೊಬ್ಬರಿಗೆ ಗೊತ್ತಿರಬೇಕು. ಈ ಎಚ್ಚರವನ್ನು ಬಾಣಂತಿಕೋಣೆಗೂ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಕೋಣೆಗೂ ಅನ್ವಯಿಸಿಕೊಳ್ಳಬಹುದು.

ಒಳಗಣ ಸಲಕರಣೆ

ಹುಳುಮನೆಯೆಂಬುದು ಒಂದು ಕಾರ್ಯಾಗಾರ. ಸಾಮಾನು ಕೈಗೆ ಸಿಕ್ಕುವಂತಿದ್ದರೆ ಕೆಲಸ ಅರ್ಧ ಮುಗಿದಂತೆಯೇ. ನೂರು ಮೊಟ್ಟೆಗಳ ಮರಿ ಎಂದರೆ ನಲವತ್ತರಿಂದ ಐವತ್ತು ಸಾವಿರ ಹುಳು. (ಇಲ್ಲಿ ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರರ ಒಂದು ಕಂತೆ.) ಮೊದಲ ದಿನ ಅವು ನಾಲ್ಕು ಚದರಡಿಯಲ್ಲಿ ಹಿಡಿಯುತ್ತವೆ, ಕಡೆಗೆ ನೂರಾರು ಚದರಡಿ ಸಾಲದು. ಹುಟ್ಟಿದಾಗಿನದಕ್ಕಿಂತ ಹುಳುವಿನ ತೂಕವು ಹತ್ತು ಸಾವಿರ ಪಟ್ಟು ಹೆಚ್ಚುವುದೆಂದರೆ ಸ್ಥಳದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕಷ್ಟೆ.

ಎಳೆಯ ಹುಳುವಿಗೆ ಮರದ ತಟ್ಟೆಗಳು. ಬೆಳೆದುದಕ್ಕೆ ಐದಡಿ ಅಗಲದ ಅಟ್ಟಣೆ. ಅಟ್ಟಣೆಯ ಅಂತಸ್ತುಗಳ ನಡುವೆ ಎರಡಡಿ ಬಿಡುವಿರಲಿ. ಎರಡು ಕಡೆಯಿಂದಲೂ ಕೈ ಎಟಕುವಂತೆ ಓಡಾಡಲು ದಾರಿಯಿರಲಿ. ನಮ್ಮ ಕೊಟ್ಟಿಗೆಯಲ್ಲಿ ಕಲ್ಲುಕಂಬಗಳನ್ನೇ ನಿಲ್ಲಿಸಿ ಬಿದಿರಿನ ದಬ್ಬೆ ಹಾಸಿದ್ದಾಯಿತು. ಗೆದ್ದಲಿನ ಭಯ ತಪ್ಪಿತು. ಕಂಬದ ಬುಡಕ್ಕೆ ನೀರಿನ ಬಟ್ಟಲು ಕಟ್ಟಿದರೆ ಇರುವೆ ಹತ್ತದು. ಈಗ ಕೊಂಬೆಸಹಿತವಾಗಿ ಸೊಪ್ಪು ಹಾಕುವ ಪದ್ಧತಿಯಿಂದ ಹೆಂಗಸರ ದುಡಿಮೆ ಎಷ್ಟೋ ಇಳಿದಿದೆ. ಕೊಂಬೆಗಳ ನಡುವೆ ಗಾಳಿಯೂ ಆಡುತ್ತದೆ.

ಉಷ್ಣಮಾಪಕ ಒಂದಲ್ಲ, ಎರಡು ಬೇಕು. ಒಣ ಬುಡ್ಡಿಯದು ಕಾವನ್ನು ತೋರಿಸುತ್ತದೆ. ಒದ್ದೆ ಬಟ್ಟೆ ಸುತ್ತಿದ ಬುಡ್ಡಿಯದನ್ನು ಅದರೊಡನೆ ಹೋಲಿಸಿದರೆ ಗಾಳಿಯ ತೇವ ತಿಳಿಯುತ್ತದೆ. ಇವನ್ನು ತೂಗುಹಾಕುವುದು ಗೋಡೆಯ ನೆತ್ತಿಯಲ್ಲಲ್ಲ. ಹುಳುವಿನ ಹಾಸಿಗೆಯ ಮಟ್ಟದಲ್ಲಿ. ತೇವ ಸಾಲದಿದ್ದರೆ ಒದ್ದೆ ಗೋಣಿಪರದೆ. ಎಳೆಯ ಹುಳುವಿನ ಹಾಸಿಗೆಗೆ ಮೇಣದ ಕಾಗದದ ಹೊದಿಕೆ. ಜ್ವರಕ್ಕೆ ಕುಳಿತಾಗ ಮಾತ್ರ ಹೊದಿಕೆಯನ್ನು ತೆಗೆದು, ಸುಣ್ಣದ ಪುಡಿ ಉದುರಿಸಿ, ಸೊಪ್ಪನ್ನು ನಿಲ್ಲಿಸಿ ಒಣಗಬಿಡಬೇಕು.

ಐದನೆಯ ಹಂತದಲ್ಲಿ ಹುಳು ತನ್ನ ಜನ್ಮದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಮೇಯುತ್ತದೆ. ಆಗ ಹುಳುವಿನ ಉಸಿರು, ಸೊಪ್ಪಿನ ಹಸಿ, ಹಿಕ್ಕೆಯ ಕೊಳೆ ಮೂರೂ ಸೇರಿ ಕೋಣೆ ಬೇಗ ಮುಗ್ಗುತ್ತದೆ. ಚಳಿಯೆಂದು ಆಗ ಕಿಟಕಿ ಮುಚ್ಚುವುದು ದೊಡ್ಡ ತಪ್ಪು. ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟಮೇಲೆ ಗಾಳಿ ಇನ್ನೂ ಮುಖ್ಯ. ಮುಗ್ಗು ಗಾಳಿಯಲ್ಲಿ ಕಟ್ಟಿದ ಗೂಡಿನಿಂದ ನೂಲು ಸರಾಗವಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆಯೂ ಬರುವುದಿಲ್ಲ.

ಶುಚಿಯ ವಿಷಯ

ಒಂದು ಬೆಳೆ ಮುಗಿದು ಇನ್ನೊಂದು ಬರುವ ಮೊದಲು ಮನೆಯನ್ನೂ ಸಲಕರಣೆಯನ್ನೂ ತೊಳೆದು, ನೂರು ಲೀಟರು ನೀರಿಗೆ ಎರಡು ಕಿಲೋ ಬ್ಲೀಚಿಂಗ್ ಪುಡಿ ಮತ್ತು ಮುನ್ನೂರು ಗ್ರಾಂ ಅರಳಿದ ಸುಣ್ಣ ಬೆರಸಿ ಗೋಡೆ, ನೆಲ, ಚಾವಣಿಗಳಿಗೆ ಸಿಂಪಡಿಸತಕ್ಕದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಈ ಕೆಲಸ ಮಾಡಬೇಕು. ಆಮೇಲೆ ವಾಸನೆ ಹೋಗುವವರೆಗೆ ತೆರೆದಿಡಬೇಕು. ಸುಣ್ಣಕಟ್ಟು, ಹಾಲುತೊಂಡೆ ಮುಂತಾದ ರೋಗಗಳ ಬೀಜವು ಗೋಡೆಯ ಬಿರುಕಿನಲ್ಲಿ ಅಡಗಿರುತ್ತದೆ. ಆದುದರಿಂದ ಗೋಡೆಯ ಗಾರೆ ನುಣುಪಾಗಿದ್ದಷ್ಟೂ ಲೇಸು.

ಎಷ್ಟೇ ಒಳ್ಳೆಯ ಮನೆಯಾದರೂ ಕೆಟ್ಟ ಮೊಟ್ಟೆಯನ್ನು ತಿದ್ದಲಾರದು. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂಬುದನ್ನು ಫ್ರಾನ್ಸ್ ದೇಶದ ಪಾಶ್ಚರ್ ಮಹಾಶಯನು 1865ರಿಂದ ಮೊದಲುಗೊಂಡು ವರ್ಷಗಟ್ಟಲೆ ಶ್ರಮಪಟ್ಟು ತೋರಿಸಿದನು. ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಶುದ್ಧವಾದುದರ ಮೊಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವ ಕ್ರಮ ಅಲ್ಲಿಂದ ಬಂದಿತು. ಪರೀಕ್ಷೆಯಾದ ಮೊಟ್ಟೆಯನ್ನೇ ತರತಕ್ಕದ್ದು. ಶ್ರೀನಿವಾಸಪುರದಂತೆ ಮಾವಿನ ತೋಪುಗಳಿರುವ ಕಡೆ ಇನ್ನೊಂದು ಎಚ್ಚರ ಬೇಕು: ಮಾವಿನ ಹೂವಿಗೆ ಹೊಡೆದ ಕೀಟನಾಶಕವು ಗಾಳಿಯಲ್ಲಿ ಬಂದು ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಹುಳು ಉಳಿಯದು. ನೆರೆಯವರೊಡನೆ ಮೊದಲೇ ಮಾತಾಡಿಟ್ಟುಕೊಳ್ಳುವುದೇ ಇದಕ್ಕೆ ಮದ್ದು.

ಈಗ ಅನೇಕರು ಚಾಕಿ ಕೇಂದ್ರಗಳಿಂದ ಎರಡನೆಯ ಜ್ವರ ಕಳೆದ ಹುಳುವನ್ನೇ ತರುತ್ತಾರೆ. ಇದರಿಂದ ಬಹಳ ಕಾವು ಬೇಕಾದ ದಿನಗಳು ತಪ್ಪುತ್ತವೆ; ಚಳಿಗಾಲದ ರಾತ್ರಿಗಳಿಗೆ ಸಾಧಾರಣವಾದ ಒಲೆ ಸಾಕು. ಹೊಸದಾಗಿ ತೊಡಗುವವರಿಗೆ ನಾವು ಇದನ್ನೇ ಹೇಳುತ್ತೇವೆ. ಹುಳುಮನೆ ಕಟ್ಟುವುದಕ್ಕೆ ರೇಷ್ಮೆ ಇಲಾಖೆಯವರ ಸಹಾಯಧನದ ಯೋಜನೆಗಳೂ ಉಂಟು. ಗೋಡೆ ಎಬ್ಬಿಸುವ ಮೊದಲೇ ತಾಲ್ಲೂಕಿನ ಕಛೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ತನ್ನ ಎಳೆಯಿಂದ ತನ್ನನ್ನೇ ಬಂಧಿಸಿಕೊಳ್ಳುವ ಮನುಷ್ಯನಿಗೆ ನಮ್ಮ ಶಾಸ್ತ್ರಕಾರರು ಕೋಶಕಾರದ ದೃಷ್ಟಾಂತವನ್ನು ಕೊಡುವುದುಂಟು. ಹುಳುವಿನ ಮಟ್ಟಿಗೆ ಅದು ಪೂರ್ತಿ ನ್ಯಾಯವಲ್ಲವೆಂದು ಈಗ ತೋರುತ್ತದೆ. ಹುಳು ಕಟ್ಟುವ ಗೂಡಿನ ಗೋಡೆಯಲ್ಲಿಯೂ ಗಾಳಿಯಾಡುತ್ತದೆ. ಉಸಿರಿಗೆ ಎಡೆಯಿಲ್ಲದಂತೆ ಅದು ತನ್ನನ್ನು ಮುಚ್ಚಿಕೊಳ್ಳುವುದಿಲ್ಲ. ಗೋಣಿಚೀಲ ತುರುಕಿದವರು ನಾವು.

ಹೋದ ಪುಷ್ಯದಲ್ಲಿ ಆ ಮನೆಗೆ ಹೋಗಿದ್ದೆವು. ಹೊರಗೆ ಒಲೆ ಉರಿಯುತ್ತಿತ್ತು. ಒಳಗೆ ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಉಷ್ಣಮಾಪಕ 23 ಡಿಗ್ರಿ ತೋರಿಸುತ್ತಿತ್ತು. ಮೇಲಿನ ಗವಾಕ್ಷಿಯ ಹಲಗೆ ಅರ್ಧ ಸರಿದಿತ್ತು. ಸೊಸೆಯು ನಮ್ಮ ಮುಖ ನೋಡಿ, “ಮುಚ್ಚಲಾ ದೊಡ್ಡಮಾವ?” ಎಂದು ನಕ್ಕಳು. “ನಿನಗೆ ಗೊತ್ತಿದ್ದಂತೆ ಮಾಡಮ್ಮ” ಎಂದೆವು. ಅವಳು ಹೊರಗೆ ಹೋಗಿ ಒಲೆಗೆ ಇನ್ನೊಂದು ಕೊರಡು ಇಟ್ಟಳು, ಹಲಗೆಯನ್ನು ಮುಟ್ಟಲಿಲ್ಲ.